ಒಂದೇ ರಕ್ತಕ್ಕೆ ಎರಡು ಚೀಟಿ ಯಾಕೆ

ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದ ಹುಡುಗಿ ಲ್ಯಾಬಿನ ಮುಂದೆ ಅತ್ತೆಯ ಮರ್ಯಾದೆ ಕಳೆದಳು. ಕಳೆದ ವರ್ಷದ ಆ ಬೆಳಗನ್ನು ನಮ್ಮ ನೆಂಟರು ಹೇಳುವುದು ಹೀಗೆ. ನಾನು ಗಟ್ಟಿಯಾಗಿ ಮಾತಾಡಿದ್ದು ನಿಜ. ಯಾಕೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ನನ್ನ ತವರು ವಕ್ಕಲೇರಿ. ಕೊಟ್ಟಿದ್ದು ರಾಯಲ್ಪಾಡಿನ ಸೋದರಮಾವನ ಮಗನಿಗೆ. ಹೊರಗಿನ ಸಂಬಂಧ ನೋಡೋಣ ಎಂದು ನಾನು ವಾದಿಸಿದಾಗ ಅಮ್ಮ ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದ್ದಳು: "ಹೊರಗಿನೋರ ಮನೇಲಿ ಯಾವ ಕಾಯಿಲೆ ಇದೆಯೋ ಯಾರಿಗ್ಗೊತ್ತು? ನಮ್ಮಣ್ಣನ ಮನೆ ಮೂರು ತಲೆಮಾರು ನಂಗೊತ್ತು ಕಣೇ." ಮಾವನ ಮಗ ಮುನಿರಾಜು, ಚಿಕ್ಕಂದಿನಿಂದ ನಾನು ಬಾವ ಎಂದೇ ಕರೆಯುವವನು, ಒಳ್ಳೆಯವನೇ. ಒಪ್ಪಿಕೊಂಡೆ.

ಮದುವೆಯಾಗಿ ವರ್ಷವಾದ ಮೇಲೆ, ಮಗುವಿನ ಯೋಚನೆ ಮಾಡುವ ಮೊದಲು ಒಮ್ಮೆ ತೋರಿಸೋಣವೆಂದು ಕೋಲಾರಕ್ಕೆ ಹೋದೆವು. ಅತ್ತೆಯೂ ಬಂದರು. ಸಂಬಂಧದಲ್ಲೇ ಮದುವೆ ಎಂದು ತಿಳಿದ ಡಾಕ್ಟರು ಇಬ್ಬರಿಗೂ ಥಲಸ್ಸೇಮಿಯಾ ರಕ್ತಪರೀಕ್ಷೆ ಬರೆದು ಎರಡು ಚೀಟಿ ಕೊಟ್ಟರು. ಬಿಡಿಸಿಯೂ ಹೇಳಿದರು: ಇದು ತಂದೆತಾಯಿಯಿಂದ ಬರುವ ರಕ್ತದ ಕಾಯಿಲೆ; ಅದನ್ನು ಮೈಯಲ್ಲಿ ಹೊತ್ತ ವಾಹಕರು ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಗುವಿಗೆ ತಿಂಗಳು ತಿಂಗಳೂ ರಕ್ತ ಹಾಕಿಸುತ್ತಲೇ ಇರಬೇಕು.

ನಾನು ರಕ್ತ ಕೊಟ್ಟು, ತೋಳಿಗೆ ಹತ್ತಿ ಒತ್ತಿಕೊಂಡು ಹೊರಗೆ ಬಂದರೆ, ಅತ್ತೆ ಬಾವನ ಚೀಟಿಯನ್ನು ಮಡಿಸಿ ತಮ್ಮ ಚೀಲಕ್ಕೆ ಹಾಕಿಕೊಂಡಿದ್ದರು.

"ಅವನಿಗ್ಯಾಕಮ್ಮ? ಅಂತಾ ಮನವಾಳ್ಳೇ ಕದಾ. ಎಲ್ಲಾ ನಮ್ಮೋರೇ, ಒಂದೇ ರಕ್ತ. ಒಬ್ಬರದು ನೋಡಿದ್ರೆ ಇಬ್ಬರದೂ ನೋಡ್ದಂಗೆ" ಎಂದರು, ತೆಲುಗು ಬೆರೆಸಿ.

"ಒಂದೇ ರಕ್ತ ಅಂತಾನೇ ಇಬ್ಬರದೂ ನೋಡ್ಬೇಕು ಅತ್ತೆ. ಚೀಟಿ ಕೊಡಿ."

"ಇದು ನಿಮ್ಮ ಕಾಲೇಜಿನ ಸ್ಟೇಜಲ್ಲ. ಮೆಲ್ಲಗೆ ಮಾತಾಡು."

ಬಾವ ಗೋಡೆಗೆ ಅಂಟಿಸಿದ್ದ ಸಕ್ಕರೆ ಕಾಯಿಲೆಯ ಪೋಸ್ಟರನ್ನು ಓದುತ್ತ ನಿಂತಿದ್ದ. "ಬಾವಾ, ಹುಟ್ಟೋದು ನಿನ್ನ ಮಗೂನೂ ಅಲ್ವಾ?" ಎಂದೆ, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. ಉತ್ತರ ಕೊಟ್ಟಿದ್ದು ಅತ್ತೆ.

"ಒಂದು ಕೂಸಿಗೆ ಚುಚ್ಚಿಸಿದ್ದು ಸಾಲ್ದಾ? ಇವನಿಗಿಂತ ಮುಂಚೆ ಹುಟ್ಟಿದ್ದ ಹೆಣ್ಣು ಕೂಸು. ತಿಂಗಳಿಗೊಂದ್ಸಲ ರಕ್ತ ಹಾಕ್ಸಿದ್ರೂ ಮೂರು ವರ್ಷ ಉಳೀಲಿಲ್ಲ. ಇದೇ ಕೋಲಾರಕ್ಕೆ ನಿಮ್ಮಮ್ಮನೇ ಎತ್ಕೊಂಡು ಬರ್ತಿದ್ಲು. ಹೋಗಿ ಕೇಳು."

ನನಗಿರಲಿ, ತನಗೊಬ್ಬ ಅಕ್ಕ ಇದ್ದಳೆಂದು ಬಾವನಿಗೂ ಗೊತ್ತಿರಲಿಲ್ಲ. ಅವನು ತಾಯಿಯ ಚೀಲದಿಂದ ತಾನೇ ಚೀಟಿ ತೆಗೆದುಕೊಂಡು ಒಳಗೆ ಹೋದ.

ಇಬ್ಬರೂ ವಾಹಕರೆಂದು ರಿಪೋರ್ಟು ಬಂತು. ಇನ್ನು ನಾನು ಬಸಿರಾದರೆ ಮೊದಲ ತಿಂಗಳುಗಳಲ್ಲೇ ಹೊಟ್ಟೆಯೊಳಗಿನ ಮಗುವಿಗೂ ಪರೀಕ್ಷೆ. ಅದು ಗೊತ್ತಾಗುವವರೆಗೆ ಸಂತೋಷಪಡಲೂ ಭಯ. ಅತ್ತೆಯ ಮೇಲಿನ ಸಿಟ್ಟು ಅರ್ಧ ಇಳಿದಿದೆ. ಅವರು ಮಗು ಕಳೆದುಕೊಂಡವರು. ಇಳಿಯದ ಸಿಟ್ಟು ಬೇರೆಯವರ ಮೇಲಿದೆ.

ರಿಪೋರ್ಟು ಬಂದ ಮರುವಾರ ವಕ್ಕಲೇರಿಗೆ ಹೋದೆ. ಅಮ್ಮ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟಿದ್ದಳು. ಸುದ್ದಿ ಆಗಲೇ ತಲುಪಿತ್ತು. "ನಿಮ್ಮತ್ತೆ ಕಾಲಿಗೆ ಬಿದ್ದು ತಪ್ಪಾಯ್ತು ಅನ್ನು" ಎಂದಳು. ನಾನು ಕೇಳಿದ್ದಕ್ಕೆ ಅವಳು ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ. ಇಲ್ಲಿ ಮತ್ತೆ ಕೇಳುತ್ತಿದ್ದೇನೆ:

"ಮೂರು ತಲೆಮಾರು ಗೊತ್ತು ಅಂದ್ಯಲ್ಲಮ್ಮಾ. ನೀನೇ ಎತ್ಕೊಂಡು ಓಡಾಡಿದ ಆ ಕೂಸು ಅದರಲ್ಲಿ ಯಾವ ತಲೆಮಾರು?"