ಗುಂಡುಕಲ್ಲು ಎದ್ದ ಭಾನುವಾರ

ದೆವ್ವ, ಪವಾಡ ಅಂತ ಯಾರಾದರೂ ಬಾಯಿ ತೆರೆದರೆ ನಾನು ಎದ್ದು ಹೋಗುತ್ತಿದ್ದೆ. ಕೆಲಸವಿಲ್ಲದವರ ಮಾತು ಅದು. ಈಗಲೂ ಹೆಚ್ಚುಕಡಿಮೆ ಹಾಗೇ ಅಂದುಕೊಂಡಿದ್ದೇನೆ. ಆದರೆ ಒಂದು ಸಂಗತಿ ನನ್ನ ಕೈಯಲ್ಲೇ ನಡೆದುಹೋಗಿದೆ. ಇದ್ದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮ್ಮದು.

ಆಗ ಯುದ್ಧದ ಕಾಲ. ದೀಪ ಹಚ್ಚಲು ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಹಾಗಾಗಿ ಕೊಪ್ಪದ ಪೇಟೆಯವರು ಆ ವರ್ಷ ದಸರೆಯ ಆಟಗಳನ್ನೆಲ್ಲ ಹಗಲಿಗೇ ಇಟ್ಟುಕೊಂಡರು. ಆಯುಧಪೂಜೆ ಶನಿವಾರ, ವಿಜಯದಶಮಿ ಭಾನುವಾರ. ಎರಡು ದಿನವೂ ಚುರುಚುರು ಬಿಸಿಲು. ಬೀದಿ ತುಂಬ ತೋರಣ, ಹುಲಿವೇಷ, ಬತ್ತಾಸು, ಬಳೆ. ನನ್ನ ಮಕ್ಕಳಿಬ್ಬರೂ ಕಾಲು ಸೋಲುವವರೆಗೆ ತಿರುಗಿದರು.

ಗಂಡ ಸತ್ತ ಮೇಲೆ ನಾನು ಅಡಿಕೆ ಮಂಡಿಯಲ್ಲಿ ಮೂಟೆ ಹೊರುತ್ತಿದ್ದೆ. ಅಲ್ಲಿ ಹೊರುವ ಹೆಂಗಸು ನಾನೊಬ್ಬಳೇ. ಶನಿವಾರ ತಕ್ಕಡಿಗೆ ಪೂಜೆ ಮುಗಿಸಿ ಮಂಡಕ್ಕಿ ಹಂಚುತ್ತ ಸಾಹುಕಾರರು, "ಹಬ್ಬ ಕಳೆದ್ಮೇಲೆ ನೀನು ಬರೋದು ಬೇಡ ಮಾರಾಯ್ತಿ. ಹೊರೋ ಕೆಲಸ ಗಂಡಸರಿಗೇ ಸರಿ" ಎಂದರು.

"ನಾನು ಯಾವ ಮೂಟೆ ಬೀಳ್ಸಿದ್ದೀನಿ, ಹೇಳಿ" ಎಂದೆ. ಅವರು ಮಂಡಕ್ಕಿ ಹಂಚುತ್ತಲೇ ಇದ್ದರು. ಆ ಕೆಲಸ ಹೋದರೆ ನನ್ನ ಮನೆಯಲ್ಲಿ ಒಲೆ ಹೊತ್ತುವ ಹಾಗಿರಲಿಲ್ಲ.

ಮಂಡಿಯ ಎದುರು ಒಂದು ಗುಂಡುಕಲ್ಲಿತ್ತು. ವಿಜಯದಶಮಿಯ ದಿನ ಅದನ್ನು ತೊಳೆದು, ಹರಳೆಣ್ಣೆ ಹಚ್ಚಿ, ಹೂ ಇಟ್ಟು, ಆಮೇಲೆ ಗಂಡಸರು ಎತ್ತುವ ಪದ್ಧತಿ. ಎಣ್ಣೆಗೆ ಜಾರುತ್ತದೆಂದು ಕೈಗೆ ಒಲೆಬೂದಿ ಬಳಿದುಕೊಳ್ಳುತ್ತಿದ್ದರು. ಎದೆಯವರೆಗೆ ಬಂದರೆ ಗೆದ್ದ ಹಾಗೆ. ಆ ಮಧ್ಯಾಹ್ನ ಯಾರ ಕೈಯಲ್ಲೂ ಅದು ಮೊಣಕಾಲು ದಾಟಲಿಲ್ಲ. ಮಂಡಿಯ ಹಮಾಲ ಪುಟ್ಟಯ್ಯನಂತೂ ಕಲ್ಲಿನ ಜೊತೆಗೇ ಕೂತುಬಿಟ್ಟ. ನನಗೆ ನಗು ಬಂತು.

"ಎಂತಕ್ಕೆ ಹಲ್ಲು ಬಿಡ್ತೀಯೆ? ನೀನೇ ಎತ್ತು ಬಾ" ಎಂದ.

ಸಾಹುಕಾರರು ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತ ಕೂತಿದ್ದರು. ಬೀದಿಗೆಲ್ಲ ಕೇಳುವ ಹಾಗೆ, "ಎತ್ತಿದ್ರೆ ನನ್ನ ಕೆಲಸ ನನಗುಂಟಾ?" ಎಂದು ಕೇಳಿದೆ.

"ಉಂಟು, ಉಂಟು. ಸೊಂಟ ಮುರಿದ್ರೆ ಮಾತ್ರ ನನ್ನ ಕೇಳ್ಬೇಡ" ಎಂದರು. ಎಲ್ಲರೂ ನಕ್ಕರು.

ನಾನು ಬೂದಿ ಬಳಿಯಲಿಲ್ಲ. ಆ ವಾರ ಸಂಜೆ ಹೊತ್ತು ಅಡಿಕೆ ಬೇಯಿಸಲು ಹೋಗಿದ್ದರಿಂದ ಅದು ಬೆಂದ ಗಟ್ಟಿ ರಸ, ಚೊಗರು, ಹತ್ತಿ ಕೈ ಕಪ್ಪಾಗಿ ಅಂಟುತ್ತಿತ್ತು. ಸೀರೆ ಎತ್ತಿ ಕಟ್ಟಿ, ಕೂತು, ಕಲ್ಲಿನಡಿ ಬೆರಳು ತೂರಿಸಿದೆ. ಉಸಿರು ಕಟ್ಟಿ ಎಳೆದೆ. ಎಳೆದ ರಭಸಕ್ಕೆ ಹಿಂದಕ್ಕೆ ಬೀಳುವುದರಲ್ಲಿದ್ದೆ. ತುಂಬಿದೆ ಎಂದುಕೊಂಡು ಖಾಲಿ ಕೊಡ ಎತ್ತಿದರೆ ಹೇಗೋ, ಹಾಗೆ. ಕಲ್ಲಿನಲ್ಲಿ ಭಾರವೇ ಇರಲಿಲ್ಲ.

ಎದೆಗೆ ತಂದೆ. ಹೆಗಲಿಗಿಟ್ಟೆ. ನಗು ನಿಂತುಹೋಗಿತ್ತು, ಹುಲಿವೇಷದ ತಮಟೆಯೂ ನಿಂತಿತ್ತು. ನಡೆದುಕೊಂಡು ಹೋಗಿ ಸಾಹುಕಾರರ ಮೆಟ್ಟಿಲ ಮೇಲೆ ಕಲ್ಲನ್ನು ಇಳಿಸಿದೆ. ಮೆಟ್ಟಿಲ ಚಪ್ಪಡಿ ಫಟ್ಟೆಂದು ಎರಡು ಹೋಳಾಯಿತು. ಆಮೇಲೆ ಬೀದಿ ಕೂಗಿದ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ನನ್ನ ಮಕ್ಕಳಿಗೆ ಬತ್ತಾಸು ಕೊಡಿಸಿದವನು ಪುಟ್ಟಯ್ಯನೇ.

ಸೋಮವಾರ ಕೆಲಸಕ್ಕೆ ಹೋದೆ. ಹಮಾಲರೆಲ್ಲ ಸೇರಿ ಕಲ್ಲನ್ನು ಹಿಂದಕ್ಕೆ ಉರುಳಿಸಿದ್ದರು. ಯಾರೂ ಇಲ್ಲದಾಗ ಒಮ್ಮೆ ಎಳೆದು ನೋಡಿದೆ. ಮಿಸುಕಲಿಲ್ಲ.

ಚೊಗರು ಹಿಡಿದುಕೊಂಡಿತು ಎಂದ ಪುಟ್ಟಯ್ಯ. ಚೊಗರು ಜಾರಲು ಬಿಡುವುದಿಲ್ಲ, ಸರಿ, ಭಾರ ಇಳಿಸುತ್ತದೆಯೇ? ದೇವಿ ಮೈಮೇಲೆ ಬಂದಳು ಎಂದರು ದೇವಸ್ಥಾನದ ಭಟ್ಟರು. ಬಂದಿದ್ದರೆ ನನಗೇ ತಿಳಿಯಬೇಕಿತ್ತು. ಸಿಟ್ಟಿನ ಬಲ ಎಂದರು ಕೆಲವರು. ಸಿಟ್ಟು ನನಗೆ ದಿನವೂ ಬರುತ್ತಿತ್ತು, ಮೂಟೆ ಒಂದು ದಿನವೂ ಹಗುರಾಗಲಿಲ್ಲ.

ಕಾಲು ಸೋಲುವವರೆಗೆ ಅದೇ ಮಂಡಿಯಲ್ಲಿ ಹೊತ್ತೆ. ಸಾಹುಕಾರರು ಆ ಮೆಟ್ಟಿಲನ್ನು ಬದಲಿಸಲೇ ಇಲ್ಲ. ಒಡೆದ ಚಪ್ಪಡಿ ಮೆಟ್ಟಿಯೇ ದಿನವೂ ಒಳಗೆ ಹೋಗುತ್ತಿದ್ದೆ. ಅದನ್ನು ಒಡೆಯುವಷ್ಟು ಭಾರ ಕಲ್ಲಿಗಿತ್ತು. ನನ್ನ ಹೆಗಲ ಮೇಲೆ ಇರಲಿಲ್ಲ. ಹೇಗೆ ಎಂದು ಕೇಳಿದರೆ, ನನಗೆ ಗೊತ್ತಿಲ್ಲ.