ಜೀವ ತೆಗೆಯದ ಬಂದೂಕು

ಇಚಲಕರಂಜಿಯಲ್ಲಿ ಹುಟ್ಟಿದವರಿಗೆ ಸದ್ದಿಲ್ಲದ ಊರೆಂದರೆ ಊರೇ ಅಲ್ಲ. ನನ್ನ ತವರುಮನೆಯ ಗೋಡೆಗೆ ಹತ್ತಿಕೊಂಡೇ ಮಗ್ಗದ ಕಾರಖಾನೆ ಇತ್ತು. ಆ ಖಟಪಟ ಸದ್ದಿನಲ್ಲೇ ಉಂಡು, ಆಡಿ, ಮಲಗಿ ಬೆಳೆದವಳು ನಾನು. ಮದುವೆಯಾಗಿ ಗಡಹಿಂಗ್ಲಜಕ್ಕೆ ಬಂದಾಗ ಮಧ್ಯಾಹ್ನದ ಹೊತ್ತು ಪಡಸಾಲೆಯಲ್ಲಿ ಕೂತರೆ ನನ್ನ ಕಿವಿಗೆ ನನ್ನ ಬಳೆಯ ಸದ್ದೇ ಕೇಳುತ್ತಿತ್ತು. ಕಣ್ಣು ತೆರೆದುಕೊಂಡೇ ಕನಸು ಕಾಣುತ್ತಿದ್ದೇನೆ ಅನ್ನಿಸುತ್ತಿತ್ತು.

ಆ ಮನೆಯಲ್ಲಿ ಸದ್ದು ಮಾಡುವ ವಸ್ತು ಒಂದೇ ಇತ್ತು, ಅದೂ ವರ್ಷಕ್ಕೊಮ್ಮೆ. ಗೋಡೆಯ ಗೂಟಗಳ ಮೇಲೆ ಅಡ್ಡ ಮಲಗಿದ್ದ ಮಾವನವರ ಬಂದೂಕು. ಸಂಸ್ಥಾನದ ಕಾಲದ್ದು; ನಳಿಗೆಯ ಬಾಯಿಂದಲೇ ಮದ್ದು ತುಂಬಿ ಜಡಿಯಬೇಕು. ಹಿಂದೆ ಗುಡ್ಡದ ಕಡೆ ಶೇಂಗಾದ ಹೊಲ ಇದ್ದಾಗ ಹಂದಿ ಓಡಿಸಲು ತಂದದ್ದಂತೆ. ನಮ್ಮದು ಲಿಂಗ ಕಟ್ಟಿದ ಮನೆತನ, ಕೋಳಿಯ ಕತ್ತು ಸಹ ಮುರಿದವರಲ್ಲ. ಮಾವ ಗುಂಡು ಹಾಕದೆ ಬರೀ ಮದ್ದು ತುಂಬಿ ಆಕಾಶಕ್ಕೆ ಹಾರಿಸುತ್ತಿದ್ದರು. ಹಂದಿಗಳಿಗೂ ಆ ಗುಟ್ಟು ತಿಳಿದಿತ್ತೋ ಏನೋ, ಹೊಟ್ಟೆ ತುಂಬ ತಿಂದು, ಮಾವನ ಮರ್ಯಾದೆ ಉಳಿಸಲೆಂದು ಸ್ವಲ್ಪ ದೂರ ಓಡುತ್ತಿದ್ದವಂತೆ.

ನಾನು ಬರುವ ಹೊತ್ತಿಗೆ ಗುಡ್ಡದ ಹೊಲ ಕೈಬಿಟ್ಟಿತ್ತು. ಉಳಿದದ್ದು ಹಿರಣ್ಯಕೇಶಿಯ ದಂಡೆಯ ಹೊಲ, ಅಲ್ಲಿಗೆ ಹಂದಿ ಬರುತ್ತಿರಲಿಲ್ಲ. ಬಂದೂಕಿಗೆ ದಸರೆಯ ಖಂಡೆನವಮಿಯ ಆಯುಧಪೂಜೆಯೊಂದೇ ಕೆಲಸ. ಅತ್ತೆ ಅದಕ್ಕೆ ಕೊಬ್ಬರಿ ಎಣ್ಣೆ ಸವರಿ, ವಿಭೂತಿ ಎಳೆದು, ಚೆಂಡುಹೂವು ಕಟ್ಟುತ್ತಿದ್ದರು. ಆಮೇಲೆ ಮಾವ ಹೊಳೆಯ ದಂಡೆಗೆ ಹೋಗಿ ಒಂದೇ ಒಂದು ಸಲ ಹಾರಿಸುತ್ತಿದ್ದರು. ನನ್ನ ಮೊದಲ ದಸರೆಯಲ್ಲಿ ಆ ಸದ್ದಿಗೆ ಆಚೆ ದಂಡೆಯ ಬೆಳ್ಳಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಹೊಗೆ ನೀರಿನ ಮೇಲೆ ಮೆಲ್ಲಗೆ ಇಳಿದು ನಿಂತಿತು. ತವರು ಬಿಟ್ಟ ಮೇಲೆ ಮೊದಲ ಸಲ ನನ್ನ ಎದೆ ಹಗುರಾಗಿತ್ತು.

ಕೆಲವು ವರ್ಷಗಳ ನಂತರ ಮಾವ ಹಾಸಿಗೆ ಹಿಡಿದರು. ಒಂದು ದಿನ ಗೋಡೆಯ ಕಡೆ ಕೈ ಮಾಡಿ ಅತ್ತೆಗೆ ಹೇಳಿದರು: "ನನ್ನ ಕೈಯಾಗ ಇದು ಒಂದ ಜೀವಾನೂ ತಗೊಂಡಿಲ್ಲ. ನನ್ನ ಹಿಂದನೂ ತಗೋಬಾರದು ನೋಡ." ಅತ್ತೆ ಅವರ ಅಂಗೈ ಮೇಲೆ ಅಂಗೈ ಇಟ್ಟು ಹೂಂ ಅಂದರು. ಮಾವ ಹೋದದ್ದು ಆ ವಾರದಲ್ಲೇ.

ಬಂದೂಕುಗಳ ಬಗ್ಗೆ ಹೊಸ ಕಾಯದೆ ಬಂದಿದ್ದ ಕಾಲ. ಪರವಾನಗಿ ಇದ್ದವನು ಸತ್ತರೆ ಪರವಾನಗಿಯೂ ಅವನ ಹಿಂದೆಯೇ ಹೋಗುತ್ತದೆ ಎಂದು ಠಾಣೆಯಿಂದ ಹೇಳಿಕಳಿಸಿದರು. ವಾರಸುದಾರರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಇಲ್ಲವೇ ಪರವಾನಗಿ ಇದ್ದವರಿಗೆ ಮಾರಬೇಕು, ಎರಡೂ ಆಗದಿದ್ದರೆ ಜಪ್ತಿ. ನನ್ನ ಗಂಡನಿಗೆ ಪಟಾಕಿ ಸದ್ದಿಗೇ ಎದೆ ಡವಡವ. ಅವರು "ಮಾರಿ ಬಿಡೂಣು" ಎಂದು ಜಾರಿಕೊಂಡರು. ಅತ್ತೆ ತಮ್ಮ ಹೆಸರಿಗೇ ಕೇಳುತ್ತೇನೆಂದು ಹಟ ಹಿಡಿದರು. ಮರಾಠಿ ಶಾಲೆಯಲ್ಲಿ ಕಲಿತವಳೆಂದು ನನ್ನನ್ನೇ ಜೊತೆಗೆ ಕರೆದುಕೊಂಡರು. ಬಸ್ಸು ಕಾಗಲ ದಾಟಿ ಕೊಲ್ಹಾಪುರ ಮುಟ್ಟುವ ತನಕ ಅತ್ತೆ ಕಿಟಕಿಯ ಹೊರಗೆ ಕಬ್ಬಿನ ಸೂಲಂಗಿ ಹೂವು ನೋಡುತ್ತ ಕೂತಿದ್ದರು.

ಪರವಾನಗಿ ಕಚೇರಿಯ ಸಾಹೇಬರು ಕೇಳಿದರು, "ಬಂದೂಕ ಕಶಾಲಾ ಪಾಹಿಜೆ?" ಬಂದೂಕು ಯಾಕೆ ಬೇಕು ಅಂತ.

"ಪೂಜಾಕ್ಕ ರೀ," ಅಂದರು ಅತ್ತೆ.

ಪೂಜೆಗೆಂದು ಯಾವ ಸರಕಾರ ಬಂದೂಕು ಕೊಟ್ಟೀತು? ಬೆಳೆ ಕಾಯಲು ಎಂದರೆ ಕೊಡುತ್ತಾರೆಂಬುದು ಹೊರಗೆ ಕಟ್ಟೆಯ ಮೇಲೆ ಕೂತವರಿಗೆಲ್ಲ ಗೊತ್ತಿತ್ತು. ನಾನು ಥಟ್ಟನೆ ಮರಾಠಿಯಲ್ಲಿ, ಹೊಲಕ್ಕೆ ಹಂದಿ ಬರುತ್ತವೆ ಸಾಹೇಬ, ಅಂದುಬಿಟ್ಟೆ. ಅತ್ತೆಗೆ ಮರಾಠಿ ಆಡಲು ಬಾರದಿದ್ದರೂ ಕೇಳಿದರೆ ತಿಳಿಯುತ್ತಿತ್ತು. ನನ್ನ ಕೈ ಹಿಂಡಿ ಸಾಹೇಬರಿಗೇ ಹೇಳಿದರು: "ಈಕಿ ಮಾತ ಕೇಳಬ್ಯಾಡ್ರಿ. ನಮ್ಮ ಹೊಲಕ್ಕ ಹಂದಿ ಬರಂಗಿಲ್ಲ."

ಸಾಹೇಬರಿಗೆ ಕನ್ನಡ ತಿಳಿಯುತ್ತಿತ್ತು; ನಕ್ಕು, ಆಗುವುದಿಲ್ಲ ಎಂದರು. ಹೊರಗೆ ಬಂದು ನಾನು ಸಿಟ್ಟಿನಿಂದ ಕುದಿಯುತ್ತಿದ್ದೆ. "ಒಂದ ಮಾತಿಗೆ ಮನೀಗೆ ಬರತಿತ್ತಲ್ರೀ ಅತ್ತಿ!"

"ಹಂದಿ ಹೆಸರಲೆ ತಂದ ಮ್ಯಾಲ, ನಾಳೆ ಯಾರದರ ಹೊಲಕ್ಕ ಹಂದಿ ಬಂದ್ರ ಬಂದೂಕ ಕೊಡ್ರಿ ಅಂತ ಬರತಾರ. ಆಗ ಏನ ಹೇಳ್ಲಿ? ಜೀವಾ ತಗೀತೀನಂತ ಹೇಳಿ ತರೂದು ಬ್ಯಾಡ ತಂಗಿ."

ಅತ್ತೆಯ ಮಾತು ನಿಜವೇ. ಆದರೂ ಸಿಟ್ಟು ಇಳಿಯಲಿಲ್ಲ.

ಕೊಳ್ಳಲು ಅಕಿವಾಟದಿಂದ ಒಬ್ಬ ರೈತ ಬಂದ. ಪರವಾನಗಿ ಇತ್ತು, ದುಡ್ಡೂ ಇತ್ತು. ನಳಿಗೆಯೊಳಗೆ ಒಂದು ಕಣ್ಣು ಇಟ್ಟು ನೋಡಿ ಖುಷಿಯಾದ. ಅತ್ತೆ ಚಹಾ ಕೊಟ್ಟು, "ಇದರಲೆ ಏನ ಮಾಡ್ತೀಯೋ ಯಪ್ಪಾ?" ಎಂದು ಕೇಳಿದರು. ಅವನು ನಿಷ್ಕಪಟಿ, "ಮೊಲ ಹೊಡೀತೇನ್ರಿ" ಅಂದ. ಅತ್ತೆ ಅವನಿಗೆ ಇನ್ನೊಂದು ಕಪ್ಪು ಚಹಾ ಕೊಟ್ಟು ಬರಿಗೈಯಲ್ಲಿ ಕಳಿಸಿದರು. ನನ್ನ ಗಂಡ ಎರಡು ದಿನ ತಾಯಿಯ ಜೊತೆ ಮಾತು ಬಿಟ್ಟರು.

ಕೊನೆಗೆ ಠಾಣೆಯ ಹವಾಲದಾರ ಜಪ್ತಿಗೆ ಬಂದ. ನಮ್ಮ ಗಡಿಸೀಮೆಯ ಕನ್ನಡದವನೇ. ಅತ್ತೆ ಮಾವನ ಹಳೆಯ ಧೋತರದಲ್ಲಿ ಬಂದೂಕು ಸುತ್ತಿ ಅವನ ಕೈಗೆ ಇಟ್ಟು, "ಇದಕ್ಕ ಗುಂಡು ತುಂಬಬ್ಯಾಡ್ರಿ" ಅಂದರು. "ಕೋಣ್ಯಾಗ ಇಟ್ಟು ಕೀಲಿ ಹಾಕ್ತೀವ್ರಿ ಆಯಿ" ಎಂದು ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ. ಕೂಸನ್ನು ಎತ್ತಿಕೊಂಡು ಹೋದಂತೆ ಕಂಡಿತು.

ಗೋಡೆಯ ಮೇಲೆ ಬಂದೂಕಿನ ಉದ್ದಕ್ಕೂ ಎಣ್ಣೆಯ ಕಂದು ಕಲೆ ಉಳಿಯಿತು. ದಸರೆಗೆ ಮನೆಯೆಲ್ಲ ಸುಣ್ಣ ಬಳಿಯುವಾಗ ಆ ಕಲೆಯನ್ನು ಮಾತ್ರ ಬಿಡಬೇಕೆಂದು ಅತ್ತೆಯ ಅಪ್ಪಣೆ. ಖಂಡೆನವಮಿಯ ದಿನ ಎಣ್ಣೆ, ವಿಭೂತಿ, ಚೆಂಡುಹೂವು ತಟ್ಟೆಯಲ್ಲಿಟ್ಟುಕೊಂಡು ಠಾಣೆಗೆ ಹೊರಟರು. ನಾನು ನಾಚಿಕೆಯಿಂದ ಹಿಂದೆ ಹಿಂದೆ. ಅಲ್ಲಿ ನೋಡಿದರೆ ಪೊಲೀಸರದೂ ಪೂಜೆ! ಅಂಗಳದಲ್ಲಿ ಜಮಖಾನೆ ಹಾಸಿ ಬಂದೂಕುಗಳನ್ನು ಸಾಲಾಗಿ ಮಲಗಿಸಿದ್ದರು. ಹವಾಲದಾರ ನಮ್ಮದನ್ನೂ ಒಳಗಿನಿಂದ ತಂದು ಸಾಲಿನ ಕೊನೆಗೆ ಇಟ್ಟ. ಅತ್ತೆ ನಮ್ಮದಕ್ಕೆ ಎಣ್ಣೆ ಸವರಿ, ಉಳಿದ ಎಣ್ಣೆಯನ್ನು ಪಕ್ಕದವಕ್ಕೂ ಸವರಿದರು. "ಪಾಪ, ಇವು ಎಷ್ಟು ಜೀವಾ ತಗದಾವೋ. ಇವಕ್ಯಾರ ಎಣ್ಣಿ ಹಚ್ಚಬೇಕು?" ಫೌಜದಾರರು ಕೇಳಿಸಿಕೊಂಡೂ ಕೇಳದವರಂತೆ ಟೊಪ್ಪಿಗೆ ಸರಿಮಾಡಿಕೊಂಡರು. ಬಿಸಿಲು ಚೆಂಡುಹೂವಿನ ಮೇಲೆ ಬಿದ್ದು ಅಂಗಳವೆಲ್ಲ ಹಳದಿಯಾಗಿತ್ತು.

ಹೀಗೆ ಹಲವು ದಸರೆ. ಒಂದು ವರ್ಷ ಹೋದಾಗ ಸಾಲಿನ ಕೊನೆ ಖಾಲಿ ಇತ್ತು. ಹವಾಲದಾರ ತಲೆ ತಗ್ಗಿಸಿಕೊಂಡು ಬಂದ. "ಆಯಿ, ಮುದತ್ತು ಮುಗದ ಮಾಲು ಕೊಲ್ಹಾಪುರಕ್ಕ ಕಳಿಸ್ರಿ ಅಂತ ಹುಕುಂ ಬಂತ್ರಿ. ನಾನ ಒಯ್ದಿದ್ದೆ. ನನ್ನ ಕಣ್ಣ ಮುಂದನ ಮುರದು ಹಾಕಿದ್ರು."

ನನಗೆ ಅಳು ಬಂತು. ಅತ್ತೆ ಮಾತ್ರ ತಟ್ಟೆ ಅಲುಗಿಸದೆ ನಿಂತು ಕೇಳಿದರು: "ಮುರಿಯೂತನಕಾ ಅದರಲೆ ಯಾರೂ ಹೊಡೀಲಿಲ್ಲಲ್ರಿ?"

"ಇಲ್ರಿ ಆಯಿ. ಆಣಿ ಮಾಡ್ತೇನಿ. ಒಂದ ಗುಬ್ಬಿನೂ ಹೊಡೀಲಿಲ್ಲ."

ಅತ್ತೆ ತಟ್ಟೆಯಲ್ಲಿದ್ದ ಹೂವನ್ನೆಲ್ಲ ಬೇರೆ ಬಂದೂಕುಗಳಿಗೆ ಹಂಚಿ ಮನೆಗೆ ನಡೆದರು. ಮನೆಗೆ ಬಂದವರೇ ಬಾನಿಯ ತಳದಲ್ಲಿ ಉಳಿದಿದ್ದ ಸುಣ್ಣ ಕಲಸಿ, ಕುಂಚ ಹಿಡಿದು, ಆ ಕಂದು ಕಲೆಯ ಮುಂದೆ ನಿಂತರು. ಸೆರಗು ತಲೆಯ ಮೇಲೆ ಎಳೆದುಕೊಂಡು, ಮಾವ ಎದುರಿಗಿದ್ದಾಗ ಮಾತಾಡುತ್ತಿದ್ದ ಅದೇ ತಗ್ಗಿದ ದನಿಯಲ್ಲಿ ಹೇಳಿದರು:

"ನಿಮ್ಮ ಮಾತ ಉಳೀತ ನೋಡ್ರಿ."

ಆಮೇಲೆ ಅಳುತ್ತಲೇ ಕಲೆಯ ಮೇಲೆ ಸುಣ್ಣ ಬಳಿದರು. ನಾನು ಬಾನಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ.