ಹೆಸರಿಗೆ ಬಿಟ್ಟ ಜಾಗ

ಕಳೆದ ವಾರ ಸಿಂದಗಿಯಿಂದ ಇಂಡಿಗೆ ಹೋಗುತ್ತಿದ್ದಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಬುತ್ತಿಯ ಗಂಟು ಬಿಚ್ಚಿದಳು. ರೊಟ್ಟಿಯ ನಡುವಿನ ಗುರೆಳ್ಳು ಚಟ್ನಿಯ ವಾಸನೆ, ಎಣ್ಣೆ ಬೆರೆತ ಬೆಳ್ಳುಳ್ಳಿಯ ಆ ಗಾಢ ವಾಸನೆ, ಮೂಗಿಗೆ ಬಡಿಯಿತು. ನನಗೆ ಹಸಿವಾಗಲಿಲ್ಲ, ತಿದ್ದಬೇಕಾದ ಪ್ರಬಂಧವೊಂದು ಬಾಕಿ ಉಳಿದಿದೆ ಎಂಬ ಚಡಪಡಿಕೆ ಶುರುವಾಯಿತು. ಪಾಠ ಹೇಳುವುದನ್ನು ಬಿಟ್ಟು ಇಷ್ಟು ವರ್ಷಗಳಾದ ಮೇಲೂ...

ಬಸವನ ಬಾಗೇವಾಡಿಯ ಒಂದು ಕಾಲೇಜಿನಲ್ಲಿ ನಾನು ಇಂಗ್ಲಿಷ್ ಅತಿಥಿ ಉಪನ್ಯಾಸಕಿಯಾಗಿದ್ದ ಕಾಲ ಅದು. ಅದಕ್ಕೂ ಮೊದಲು ಬಹಳ ವರ್ಷ ಹೈಸ್ಕೂಲಿನಲ್ಲಿ ವ್ಯಾಕರಣ ಕಲಿಸಿದ್ದೆ. ಪೂರ್ಣವಿರಾಮ ಮರೆತವರನ್ನು ಎದ್ದು ನಿಲ್ಲಿಸುವುದು ನನ್ನ ಪದ್ಧತಿಯಾಗಿತ್ತು. ಪದವಿ ತರಗತಿಗೆ ಬಂದ ಮೇಲೂ ಅದನ್ನು ಸಡಿಲಿಸಿರಲಿಲ್ಲ. ಸಡಿಲಿಸಬೇಕಿತ್ತೆಂದು ಈಗಲೂ ಅನ್ನಿಸುವುದಿಲ್ಲ.

ನನ್ನ ತರಗತಿಯ ಒಬ್ಬ ವಿದ್ಯಾರ್ಥಿನಿ ಇಂಗಳೇಶ್ವರದಿಂದ ಬಸ್ಸಿಗೆ ಬರುತ್ತಿದ್ದಳು. ಮದುವೆಯಾಗಿ, ಮಗುವಾದ ಮೇಲೆ, ಅರ್ಧಕ್ಕೆ ಬಿಟ್ಟ ಓದನ್ನು ಮತ್ತೆ ಹಿಡಿದವಳು. ಉಳಿದ ವಿಷಯಗಳೆಲ್ಲ ಪಾಸಾಗಿ ಇಂಗ್ಲಿಷ್ ಒಂದೇ ಕೈಕೊಟ್ಟಿತ್ತು. ಮಾವ ಒಂದು ವರ್ಷದ ಅವಕಾಶ ಕೊಟ್ಟಿದ್ದರು. ಪಾಸಾದರೆ ಬಿ.ಎಡ್.ಗೆ ಕಳಿಸುವುದು, ಇಲ್ಲವಾದರೆ ಓದಿನ ಮಾತನ್ನು ಅಲ್ಲಿಗೇ ನಿಲ್ಲಿಸುವುದು. ಅವಳಿಗೆ ಶಿಕ್ಷಕಿಯಾಗಬೇಕಿತ್ತು. ಇದನ್ನೆಲ್ಲ ಮೊದಲ ದಿನವೇ, ನಾನು ಕೇಳದೆಯೇ, ಹೇಳಿಬಿಟ್ಟಳು. ಉಳಿದವರಿಗೆ ನಾನು ಮೇಡಂ ಆಗಿದ್ದರೆ ಅವಳಿಗೆ ಮಾತ್ರ ಹಳ್ಳಿಯ ಶಾಲೆಯಲ್ಲಿ ಶಿಕ್ಷಕಿಯರನ್ನು ಕರೆಯುವ ರೂಢಿಯಂತೆ 'ಅಕ್ಕಾರ' ಆಗಿದ್ದೆ. ಬುತ್ತಿ, ಪುಸ್ತಕ ಎರಡೂ ಒಂದೇ ಚೀಲದಲ್ಲಿ ಇರುತ್ತಿದ್ದುದರಿಂದ ಅವಳು ಕೊಡುತ್ತಿದ್ದ ಹಾಳೆಗಳಿಗೆಲ್ಲ ಗುರೆಳ್ಳಿನ ಎಣ್ಣೆ ಹತ್ತಿರುತ್ತಿತ್ತು.

ಮೊದಲಿಗೆ ನನ್ನ ಕುಟುಂಬ ಎಂಬ ವಿಷಯ ಕೊಟ್ಟೆ. ಬಂದ ಪ್ರಬಂಧಗಳಲ್ಲಿ ಎಲ್ಲರ ತಂದೆಯೂ ಬ್ಯಾಂಕ್ ಮ್ಯಾನೇಜರ್. ಎಲ್ಲರೂ ರಜೆಯಲ್ಲಿ ಸಮುದ್ರ ನೋಡಲು ಹೋಗುವವರು. ಗೈಡಿನಲ್ಲಿ ಹಾಗೆ ಅಚ್ಚಾಗಿತ್ತು, ಅದನ್ನು ಎಲ್ಲರೂ ಬಾಯಿಪಾಠ ಮಾಡಿದ್ದರು. ಹೂವಿನ ಹಿಪ್ಪರಗಿಯ ಹುಡುಗನೊಬ್ಬನನ್ನು ಎಬ್ಬಿಸಿ, ನಿಮ್ಮ ತಂದೆ ಯಾವ ಬ್ಯಾಂಕಿನಲ್ಲಿದ್ದಾರೆ ಎಂದು ವಿಚಾರಿಸಿದೆ.

"ನಮ್ಮಪ್ಪ ಬ್ಯಾಂಕಿಗೆ ಹೋದ್ರ ಪಾಳೇದಾಗ ನಿಂದರ್ತಾನ್ರಿ ಮೇಡಂ," ಎಂದ.

ಮುಂದಿನ ವಾರ, ಗೈಡು ಮುಟ್ಟದೆ, ಮನೆಯಲ್ಲಿರುವ ಒಬ್ಬರ ಬಗ್ಗೆ ಬರೆಯಿರಿ ಎಂದೆ. ಅವಳು ಗಂಡನ ಬಗ್ಗೆ ಬರೆದಳು. ಕಾಲಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದವು, ಕ್ರಿಯಾಪದಗಳು ಮನಸ್ಸು ಬಂದಲ್ಲಿ ಕುಳಿತಿದ್ದವು. ಅದೆಲ್ಲ ನನಗೆ ಹೊಸದಲ್ಲ. ಆದರೆ ಗಂಡನ ಹೆಸರು ಬರಬೇಕಾದ ಕಡೆಯಲ್ಲೆಲ್ಲ ಬೆರಳಗಲದ ಜಾಗವನ್ನು ಖಾಲಿ ಬಿಟ್ಟಿದ್ದಳು. ಮರೆತಿರಬೇಕೆಂದು ತಿಳಿದು ತರಗತಿಯಲ್ಲೇ ಕೇಳಿದೆ. ಅವಳು ತಲೆ ತಗ್ಗಿಸಿದಳು. ಹಿಪ್ಪರಗಿಯ ಹುಡುಗ ಸುಮ್ಮನಿರಲಿಲ್ಲ.

"ಒಡಪು ಹಾಕಿ ಹೇಳ್ಲಿ ಬಿಡ್ರಿ ಮೇಡಂ. ಮಾರ್ಕ್ಸ್ ನೀವು ಕೊಡ್ರಿ, ಉಡುಗೊರಿ ನಾವು ಕೊಡ್ತೇವಿ."

"ನಿನ್ನ ಮದಿವ್ಯಾಗ ನಿನ್ನ ಹೇಣ್ತಿ ಹೇಳ್ತಾಳ, ತಡಿಯೋ," ಎಂದು ಅವನ ಬಾಯಿ ಮುಚ್ಚಿಸಿ, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಬರದ್ರೂ ಹೆಸರು ತೊಗೊಂಡಂಗ ಆಗ್ತೈತಲ್ರಿ ಅಕ್ಕಾರ."

ನನ್ನ ಅಜ್ಜಿಯೂ ಗಂಡನ ಹೆಸರು ಹೇಳುತ್ತಿರಲಿಲ್ಲ. ಆದರೆ ಆ ಮಡಿ ಇಂಗ್ಲಿಷ್ ಪ್ರಬಂಧದೊಳಗೂ ನಡೆಯುತ್ತದೆಂದು ನಾನು ಊಹಿಸಿರಲಿಲ್ಲ. "ಹೆಸರು ಬ್ಯಾಡ," ಎಂದೆ. "ಆದ್ರ ಖಾಲಿ ಜಾಗಾನೂ ಬ್ಯಾಡ. ಓದಿದವರಿಗೆ ಅವರು ಎಂಥವರಂತ ತಿಳೀಬೇಕು. ಹಂಗ ಬರಿ."

ಅವಳು ದಾರಿ ಹುಡುಕಿಕೊಂಡದ್ದು ಒಡಪಿನಲ್ಲೇ. ನಮ್ಮ ಕಡೆ ಸೀಮಂತವೋ ಮದುವೆಯೋ ಇದ್ದಾಗ ಹೆಂಗಸರು ಬಲವಂತ ಮಾಡಿದರೆ, ಹೆಂಡತಿಯಾದವಳು ಕೊಡ, ಕನ್ನಡಿ, ಮಲ್ಲಿಗೆ ಎಂದು ಪ್ರಾಸ ಕಟ್ಟುತ್ತ ಹೋಗಿ ಕಡೆಗೆ ಗಂಡನ ಹೆಸರಿಗೆ ಮುಟ್ಟುತ್ತಾಳೆ. ಅವಳು ಆ ಕೊನೆಯ ಹೆಸರನ್ನು ಬಿಟ್ಟು, ಮಿಕ್ಕ ದಾರಿಯನ್ನು ಇಟ್ಟುಕೊಂಡಳು. ಹೊಸ ಪ್ರಬಂಧ ಬಾಗಿಲ ಹಿಂದಿನ ಗೂಟಕ್ಕೆ ತೂಗುಹಾಕಿದ ಒಂದು ಟವೆಲ್ಲಿನಿಂದ ಶುರುವಾಗಿತ್ತು. ರಾಶಿ ಮಾಡುವ ಯಂತ್ರದ ಹಿಂದೆ ದಿನವಿಡೀ ಹೊಟ್ಟಿನ ಧೂಳಿನಲ್ಲಿ ನಿಲ್ಲುವ ಆ ಮನುಷ್ಯ, ಮನೆಗೆ ಬಂದು ಸ್ನಾನ ಮಾಡುವವರೆಗೆ ಮಗುವನ್ನು ಮುಟ್ಟುತ್ತಿರಲಿಲ್ಲ. ಮಗುವಿಗೆ ಅದು ತಿಳಿದು, ಟವೆಲ್ಲು ಒದ್ದೆಯಾಗಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಯೇ ಅಪ್ಪನ ಹತ್ತಿರ ಓಡುತ್ತಿತ್ತು. ಅಷ್ಟೇ ಬರೆದಿದ್ದಳು. ನಾನು ಎಂದೂ ನೋಡಿರದ ಆ ಮನುಷ್ಯನನ್ನು ಬಾಗೇವಾಡಿಯ ಸಂತೆಯಲ್ಲಿ ಗುರುತು ಹಿಡಿಯಬಲ್ಲೆ ಎನ್ನಿಸಿತು.

ಆಮೇಲೆ ವಾರ ವಾರ ಬರೆದು ತಂದಳು. ತಪ್ಪುಗಳು ಕಡಿಮೆಯಾಗುತ್ತ ಬಂದವು, ವಾಕ್ಯಗಳು ತಮ್ಮ ಕಾಲ ಮೇಲೆ ನಿಂತವು. ನನ್ನ ಜೊತೆ ವಾದಿಸುವುದನ್ನೂ ಕಲಿತಳು. ಅತ್ತೆಯ ಕುರಿತ ಪ್ರಬಂಧದಲ್ಲಿ ಎರಡು ಸಲ ಬಂದಿದ್ದ ಮಾತೊಂದನ್ನು ನಾನು ಹೊಡೆದುಹಾಕಿದಾಗ, ಹಾಳೆ ಹಿಡಿದು ನೇರವಾಗಿ ಸ್ಟಾಫ್ ರೂಮಿಗೇ ಬಂದಳು.

"ಅದನ್ನ ಹೊಡೀಬ್ಯಾಡ್ರಿ ಅಕ್ಕಾರ. ನಮ್ಮತ್ತಿ ಎರಡ ಸಲ ಅಂದ ಮ್ಯಾಲನ ನಾವು ಎದ್ದೇಳೂದು."

ಹೊಡೆದ ಗೆರೆಯನ್ನು ಹಿಂತೆಗೆದುಕೊಂಡೆ. ನನ್ನ ಕೆಂಪು ಶಾಯಿಯ ಮಟ್ಟಿಗೆ ಅದು ಅಪರೂಪದ ಘಟನೆ...

ಪರೀಕ್ಷೆ ಹತ್ತಿರ ಬಂದಂತೆ ನನ್ನ ನಿದ್ದೆ ಕೆಟ್ಟಿತು. ದೂರದ ಊರಿನಲ್ಲಿ ಕಟ್ಟುಗಟ್ಟಲೆ ಉತ್ತರಪತ್ರಿಕೆ ತಿದ್ದುವವರಿಗೆ ಗೈಡಿನ ಪ್ರಬಂಧ ಪರಿಚಿತ. ಕಣ್ಣು ಓಡಿಸಿ ಅಂಕ ಕೊಡುತ್ತಾರೆ. ಇವಳ ಬರಹವನ್ನೋ ನಿಧಾನವಾಗಿ ಓದಬೇಕು. ಯಾವುದನ್ನು ಬರೆಯಲಿ ಎಂದು ಅವಳೇ ಕೇಳಿದಾಗ, ಗೈಡಿನದನ್ನೇ ಬರಿ, ಮೊದಲು ಪಾಸಾಗು, ಬಿ.ಎಡ್. ಮುಗಿದ ಮೇಲೆ ಬೇಕಾದ್ದು ಬರೆಯುವೆಯಂತೆ ಎಂದೆ. ಅವಳು ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಪರೀಕ್ಷೆಯಲ್ಲಿ ಬಂದ ವಿಷಯ, ಮರೆಯಲಾಗದ ಪ್ರಯಾಣ. ಗೈಡಿನಲ್ಲಿ ಊಟಿ ಪ್ರವಾಸದ ಪ್ರಬಂಧವೊಂದು ಸಿದ್ಧವಾಗಿತ್ತು.

ಅವಳು ಪಾಸಾಗಲಿಲ್ಲ. ಕೆಲವೇ ಅಂಕಗಳ ಕೊರತೆ.

ಮರುದಿನವೇ ಇಂಗಳೇಶ್ವರದ ಬಸ್ಸು ಹತ್ತಿದೆ. ಅವಳ ಮಾವ ಪಡಸಾಲೆಯಲ್ಲಿ ಜಮಖಾನ ಹಾಸಿ ಕೂರಿಸಿದರು. ಮತ್ತೊಮ್ಮೆ ತಿದ್ದಿಸಲು ಅರ್ಜಿ ಹಾಕಬಹುದು, ಮುಂದಿನ ಪರೀಕ್ಷೆಗೂ ಕಟ್ಟಬಹುದು ಎಂದು ಒಂದೊಂದಾಗಿ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಿಮ್ಮ ಮ್ಯಾಲ ಸಿಟ್ಟಿಲ್ರಿ ಮೇಡಂ ಅವರ. ಅಕಿ ಕಲೀಲಿ ಅಂತ ಈ ವರ್ಷ ನಮ್ಮನಿಯಾಕಿ ಮಂಡಿನೋವಿನ್ಯಾಗ ಎಲ್ಲಾರಿಗೂ ರೊಟ್ಟಿ ಬಡದಾಳ. ಈಗ ಸೊಸಿ ಮತ್ತ ಹೊಟ್ಟೀಲೆ ಅದಾಳ. ಒಂದ ವರ್ಷ ಅಂತ ಮಾತಾಗಿತ್ತು. ಅಕಿನೂ ಒಪ್ಪಿದ್ಲು."

ಅವಳು ಚಹಾ ತಂದಿಟ್ಟಳು. ನನ್ನನ್ನು ಬಸ್ಸಿಗೆ ಬಿಡಲು ಊರ ಅಗಸಿ ಬಾಗಿಲವರೆಗೆ ಬಂದಾಗ ಕೇಳಿದೆ: "ಗೈಡಿನದು ಬರದಿಲ್ಲ, ಹೌದಲ್ಲ?"

"ನಂದ ಬರದೇನ್ರಿ ಅಕ್ಕಾರ. ಪೆನ್ನ ಹಿಡದ ಮ್ಯಾಲ ಆ ಊಟಿ ಒಂದ ಅಕ್ಷರ ಬರವಲ್ದಾತು."

"ಯಾವ ಪ್ರಯಾಣ ಬರದಿ? ಹೇಳು, ನಾನರ ಕೇಳ್ತೇನಿ."

ಹೇಳಲು ಬಾಯಿ ತೆರೆದಳು. ಆಮೇಲೆ ತಲೆ ಅಲ್ಲಾಡಿಸಿದಳು. "ಕನ್ನಡದಾಗ ಹೇಳಿದ್ರ ಅದು ಅದಾಗೂದಿಲ್ರಿ."

ಬಸ್ಸು ಬಂತು. ಅಳುತ್ತಿದ್ದಳೇ ಎಂದು ಕಿಟಕಿಯಿಂದ ನೋಡಿದೆ. ಇಲ್ಲ, ಸೆರಗನ್ನು ಬಿಸಿಲಿಗೆ ಅಡ್ಡ ಹಿಡಿದು ನಿಂತಿದ್ದಳು.

ಆಮೇಲೆ ನಾನು ಮುದ್ದೇಬಿಹಾಳಕ್ಕೆ ಹೋದೆ, ಅಲ್ಲಿಂದ ಸಿಂದಗಿಗೆ ಬಂದೆ. ಅವಳ ಫೋನ್ ನಂಬರು ಬೇರೆ ಯಾರದೋ ಆಯಿತು. ಓದು ಮುಂದುವರಿಸಲಿಲ್ಲವೆಂದು ಗೊಳಸಂಗಿಯ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ. ಅದಕ್ಕಿಂತ ಹೆಚ್ಚು ಅವನಿಗೂ ತಿಳಿದಿರಲಿಲ್ಲ. ಆ ಉತ್ತರಪತ್ರಿಕೆ ಎಂದೋ ರದ್ದಿಗೆ ಹೋಗಿರುತ್ತದೆ. ಅದನ್ನು ಓದಿದವರು ಜಗತ್ತಿನಲ್ಲಿ ಒಬ್ಬರೇ, ಅವರೂ ಅವಸರದಲ್ಲಿದ್ದರು.

ತವರಿನಿಂದ ಇಂಗಳೇಶ್ವರಕ್ಕೆ ಬಂದ ದಿನದ ಪ್ರಯಾಣವೋ, ಮಗುವನ್ನು ಅತ್ತೆಯ ಕೈಗಿಟ್ಟು ಕಾಲೇಜಿಗೆ ಹೊರಟ ಮೊದಲ ಬೆಳಗಿನದೋ, ಅಥವಾ ನನಗೆ ಹೊಳೆಯದ ಇನ್ನೊಂದೋ... ಇಂಡಿ ಬರುವವರೆಗೂ ಮನಸ್ಸು ಅದರಲ್ಲೇ ಸುತ್ತುತ್ತಿತ್ತು. ಅವಳು ಹೇಗೆ ಆರಂಭಿಸಿರಬಹುದೆಂದು ಮೊದಲ ವಾಕ್ಯವನ್ನು ಈ ವರ್ಷಗಳಲ್ಲಿ ಎಷ್ಟೋ ಬಗೆಯಲ್ಲಿ ಕಟ್ಟಿ ನೋಡಿದ್ದೇನೆ. ಯಾವುದರಲ್ಲಿಯೂ ತಪ್ಪಿಲ್ಲ. ಯಾವುದೂ ಅವಳದಲ್ಲ.